ನಲವತ್ತೇಳನೇ ಗೊನೆ

ಮೂರು ಕಾಲಿನ ಏಣಿಯ ಆರನೇ ಮೆಟ್ಟಿಲ ಮೇಲೆ ನಿಂತು, ನೀಲಿ ಚೀಲದೊಳಗೆ ಕುತ್ತಿಗೆವರೆಗೂ ತಲೆ ತೂರಿಸಿ, ನಾನು ಒಂದು ಬಾಳೆಗೊನೆಯನ್ನು ವಿಚಾರಣೆ ಮಾಡುತ್ತಿದ್ದೆ.

"ಸಾರ್, ಇಳೀರಿ. ಗೊನೆ ಸಮೇತ ಬೀಳ್ತೀರಿ," ಕೆಳಗಿನಿಂದ ಅಕ್ಕನ ದನಿ ಬಂತು.

"ಅಕ್ಕಾ, ಏಳಂತಸ್ತಿನ ಕಟ್ಟಡದಿಂದ ನೀರಿನ ಪೈಪು ಹಿಡ್ಕೊಂಡು ಇಳಿದೋನು ನಾನು. ಇನ್ನೊಂದು ಕೈಯಲ್ಲಿ ಛತ್ರಿ ಇತ್ತು."

"ಏಣಿ ಅಲ್ಲಾಡ್ತಿದೆ."

"ಏಣಿ ಗಟ್ಟಿಯಾಗೇ ಇದೆ. ಭೂಮಿ ಅಲ್ಲಾಡ್ತಿದೆ."

ಕಟ್ಟಡ ಎರಡಂತಸ್ತಿನದು. ಛತ್ರಿಯ ಮಾತು ಮಾತ್ರ ಅಪ್ಪಟ ನಿಜ.

ಈ ತೋಟದ ಗೊನೆಗಳಿಗೆ ಚೀಲ ಹೊದಿಸುತ್ತಿದ್ದವನು ಕಾಣೆಯಾಗಿ ಒಂಬತ್ತು ದಿನವಾಗಿತ್ತು. ಅವನ ಅಕ್ಕ ಪತ್ತೇದಾರನಾದ ನನ್ನನ್ನು ಕರೆಸಿ ಮೂರು ದಿನ. ಅಕ್ಕ 'ತಮ್ಮ' ಎನ್ನುತ್ತಿದ್ದುದರಿಂದ ಆ ಐವತ್ತೆರಡು ವರ್ಷದ ಗಂಡಸನ್ನು ಮೇಸ್ತ್ರಿಯಿಂದ ಹಿಡಿದು ಲಾರಿ ಡ್ರೈವರ್‌ವರೆಗೆ ಎಲ್ಲರೂ ತಮ್ಮ ಎಂದೇ ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ. ನನಗೆ ಬೇರೆ ತಮ್ಮಂದಿರಿಲ್ಲ.

ಚೀಲದೊಳಗೆ ಬೆಳಕೆಲ್ಲ ನೀಲಿ. ಸಮುದ್ರದ ತಳದಲ್ಲಿ ನಿಂತ ಹಾಗೆ. ಹೊರಗಿನ ಮಾತು ಪಕ್ಕದ ಊರಿನಿಂದ ಬಂದಂತೆ ಕೇಳುತ್ತದೆ. ಇಂಥ ಬೆಳಕಿನಲ್ಲಿ ತಮ್ಮ ಮೂವತ್ತು ವರ್ಷ ಕಳೆದಿದ್ದ. ಬೆಳಿಗ್ಗೆ ಏಣಿ ಹೊತ್ತು ಸಾಲಿನೊಳಗೆ ಹೋದರೆ ಸಂಜೆಯವರೆಗೆ ಅವನಿಗೆ ಯಾರೂ ಸಿಗುತ್ತಿರಲಿಲ್ಲ, ಅವನೂ ಯಾರಿಗೂ ಸಿಗುತ್ತಿರಲಿಲ್ಲ. ಅಂಥವನು ಒಂದು ದಿನ ಇಲ್ಲವಾದರೆ ಯಾರಿಗೂ ತಿಳಿಯುವುದಿಲ್ಲ. ಇದು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನನಗೆ ಪತ್ರ ಬರೆಯುವ ಅಭಿಮಾನಿಗಳು ಹದಿನೇಳು ಸಾವಿರ ಮಂದಿ ಎಂದು ಹೇಳಿಕೊಳ್ಳುತ್ತೇನೆ. ಕಳೆದ ವರ್ಷ ಬಂದದ್ದು ಒಂದೇ ಕಾಗದ, ಗ್ರಂಥಾಲಯದಿಂದ, ಪುಸ್ತಕ ವಾಪಸ್ ಕೊಡಿ ಎಂದು.

ನಾನು ತಲೆ ಹೊರತೆಗೆದು, ಚೀಲವನ್ನು ದಂಟಿಗೆ ಬಿಗಿದಿದ್ದ ರಿಬ್ಬನ್ನಿನ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದೆ. ಕೆಂಪು ರಿಬ್ಬನ್.

ಈ ಪ್ರಕರಣವೆಲ್ಲ ಆ ರಿಬ್ಬನ್ನಿನ ಬಣ್ಣದಲ್ಲಿತ್ತು. ಗೊನೆಯ ಕೊನೇ ಚಿಪ್ಪು ಬಿಚ್ಚಿಕೊಂಡ ಮೇಲೆ ತುದಿಯ ಮೊಗ್ಗು ಮುರಿದು, ಕೆಳಗಿನಿಂದ ಚೀಲ ಏರಿಸಿ, ಮೇಲ್ಗಡೆ ರಿಬ್ಬನ್ ಕಟ್ಟುತ್ತಾರೆ. ಆಮೇಲೆ ಎಲೆ ಉಜ್ಜಲಿ, ಹುಳ ಮುತ್ತಲಿ, ಬಿಸಿಲು ಹೊಡೆಯಲಿ, ಕಾಯಿಗೆ ಒಂದು ಗೀರೂ ಬೀಳುವುದಿಲ್ಲ. ಯಾವ ಗೊನೆಗೆ ಎಷ್ಟು ವಾರವಾಯಿತು, ಯಾವಾಗ ಕಡಿಯಬೇಕು ಎಂದು ತಿಳಿಯಲು ವಾರಕ್ಕೊಂದು ಬಣ್ಣ. ಸೋಮವಾರ ಬೆಳಿಗ್ಗೆ ಮೇಸ್ತ್ರಿ ಕಪಾಟಿನ ಬೀಗ ತೆಗೆದು ಹೊಸ ಬಣ್ಣದ ಸುರುಳಿ ಕೊಡುತ್ತಾನೆ, ಹಳೆಯದನ್ನು ಒಳಗಿಟ್ಟು ಬೀಗ ಹಾಕುತ್ತಾನೆ.

ತಮ್ಮ ಶನಿವಾರ ಸಂಜೆ ಚೀಟಿ ಬರೆದಿಟ್ಟು ಹೋದ ಎಂದು ಮೇಸ್ತ್ರಿಯ ಹೇಳಿಕೆ. ಆ ವಾರದ ಬಣ್ಣ ಹಳದಿ. ಕೆಂಪು ಹೊರಬಂದದ್ದು ಸೋಮವಾರ.

"ಅಕ್ಕಾ, ಇದನ್ನು ಮುಟ್ಟಿ ನೋಡಿ," ಎಂದು ಕೆಳಗಿಳಿದು, ಬಿಚ್ಚಿ ತಂದ ರಿಬ್ಬನ್ನನ್ನು ಅವರ ಕೈಗಿಟ್ಟೆ.

ಅಕ್ಕ ತೊಳೆಯುವ ಶೆಡ್ಡಿನಲ್ಲಿ ಕೆಲಸ ಮಾಡುವವರು. ಬಾಳೆಯ ಹಾಲು ಹತ್ತಿ ಹತ್ತಿ ಅಂಗೈ ಕಪ್ಪಾಗಿತ್ತು. ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಹತ್ತು ದಿನವೂ ತುಂಬಿರಲಿಲ್ಲ. ಅಗಲವಾದ ಕಪ್ಪು ಕನ್ನಡಕ ಹಾಕಿದ್ದರು. ಅವರು ರಿಬ್ಬನ್ನಿನ ತುದಿಯನ್ನು ಹೆಬ್ಬೆರಳಿಂದ ಸವರಿದರು.

"ಜಗಿದಿದೆ," ಎಂದರು.

"ಯಾರು ಜಗಿದಿರೋದು?"

"ಇನ್ಯಾರು. ಎಷ್ಟು ಕತ್ತರಿ ತಂದುಕೊಟ್ಟೆ ಸಾರ್, ಎಲ್ಲಾ ಕಳೆದ. ಹಲ್ಲಲ್ಲಿ ಕಡೀಬೇಡ್ವೋ, ಇರೋ ನಾಕು ಹಲ್ಲೂ ಹೋಗ್ತವೆ ಅಂತ ದಿನಾ ಬೈತಿದ್ದೆ." ಅವರ ದನಿ ತಗ್ಗಿತು. "ಸೋಮವಾರ ಇಲ್ಲೇ ಇದ್ನಾ ಹಾಗಾದ್ರೆ?"

"ಇದ್ದ. ಕೆಲಸಾನೂ ಮಾಡಿದ."

"ಬಸ್ ಸ್ಟಾಪಿಗೆ ಬರ್ತೀನಿ ಅಂದಿದ್ದ. ನಾನು ಆಸ್ಪತ್ರೆಯಿಂದ ಸೋಮವಾರ ಸಂಜೆ ವಾಪಸ್ ಬಂದಿದ್ದು. ಕಣ್ಣಿಗೆ ಪಟ್ಟಿ ಕಟ್ಟಿತ್ತು. ಒಂದು ಗಂಟೆ ನಿಂತೆ. ಬಂದ ಹೆಜ್ಜೆ ಸದ್ದೆಲ್ಲ ಅವಂದೇ ಅನ್ನಿಸ್ತಿತ್ತು."

ಆಮೇಲೆ ಯಾರೋ ಅಪರಿಚಿತೆ ಅವರನ್ನು ಕೈಹಿಡಿದು ಮನೆಗೆ ತಲುಪಿಸಿದ್ದಳು. ಮೇಜಿನ ಮೇಲೆ ಚೀಟಿ ಇತ್ತು. ಓದಿ ಹೇಳಿದ್ದು ಮೇಸ್ತ್ರಿ: 'ಅಕ್ಕ, ಸಾಕಾಗಿದೆ, ಶನಿವಾರವೇ ಹೊರಟೆ, ಹುಡುಕಬೇಡ.' ಅಕ್ಷರ ತಮ್ಮನದೋ ಅಲ್ಲವೋ ಹೇಳುವವರಿಲ್ಲ. ಅವನು ಜನ್ಮದಲ್ಲಿ ಬರೆದದ್ದು ಸಹಿ ಒಂದೇ.

"ಸಾರ್, ನನಗೆ ದೊಡ್ಡದೇನೂ ಬೇಡ," ಎಂದರು ಅಕ್ಕ. ಈ ಮಾತನ್ನು ಮೂರು ದಿನದಲ್ಲಿ ಮೂರನೇ ಸಲ ಹೇಳುತ್ತಿದ್ದರು. "ಅವನು ನನ್ನ ಬಿಟ್ಟು ಹೋದ್ನಾ, ಇಲ್ಲ ಯಾರಾದ್ರೂ ಏನಾದ್ರೂ ಮಾಡಿದ್ರಾ, ಅಷ್ಟು ಹೇಳಿ. ಬಿಟ್ಟು ಹೋಗಿದ್ರೆ ಹೋಗಲಿ. ಗೊತ್ತಿಲ್ದೆ ಎರಡು ತಟ್ಟೆ ಹಾಕ್ಕೊಂಡು ಕೂತಿರೋಕೆ ಆಗ್ತಿಲ್ಲ."

ನಾನು ರಿಬ್ಬನ್ ಇಸಿದುಕೊಂಡು ಕನ್ನಡಕ ಸರಿಮಾಡಿಕೊಂಡೆ. ಜಗಿದ ಅಂಚಿನಲ್ಲಿ ಎರಡು ಹಲ್ಲಿನ ತಗ್ಗು, ನಡುವೆ ಒಂದು ಹಲ್ಲಿನಷ್ಟು ಜಾಗ ನುಣ್ಣಗೆ ಖಾಲಿ, ಮತ್ತೆ ಒಂದು ತಗ್ಗು. ಹಿಂದಿನ ದಿನ ಅವರ ಕೋಣೆಯ ಗೂಡಿನಲ್ಲಿ ಒಂದು ಫೋಟೋ ನೋಡಿದ್ದೆ: ಏಣಿಗೆ ಒರಗಿ ನಗುತ್ತಿದ್ದ ತಮ್ಮ, ಮೇಲಿನ ಸಾಲಿನಲ್ಲಿ ಒಂದು ಹಲ್ಲಿಲ್ಲ. ಬೆರಳಚ್ಚಿಗಿಂತ ಗಟ್ಟಿ ಸಾಕ್ಷಿ. ಆದರೆ ಇದನ್ನು ಅಕ್ಕನಿಗೂ ಹೇಳಲಿಲ್ಲ. ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ, ಅತ್ತಿಂದಿತ್ತ ಓಡಾಡುತ್ತ, ಕೊನೆಯಲ್ಲಿ ಹೇಳುವ ಮಾತು ಒಂದಿರಬೇಕಲ್ಲ. ಅದಕ್ಕೆಂದು ಎತ್ತಿಟ್ಟುಕೊಂಡೆ. ನನ್ನ ಜಂಭ ಯಾರಿಗಾದರೂ ಉಪಕಾರ ಮಾಡಿದ್ದು ಇದೊಂದೇ ಸಲ.

ಕೆಂಪು ರಿಬ್ಬನ್ನಿನ ಗೊನೆಗಳನ್ನು ಒಂದೊಂದಾಗಿ ಎಣಿಸುತ್ತಾ ಹೋದೆವು. ನಾಲ್ಕು ಸಾವಿರ ಎಂದು ಬರೆಯಲು ಕೈ ತುರಿಸುತ್ತಿದೆ, ಇದ್ದದ್ದು ನಲವತ್ತಾರು. ಎಲ್ಲವೂ ಒಂದೇ ಗಂಟು, ಎಲ್ಲವೂ ಜಗಿದ ತುದಿ.

ನಲವತ್ತೇಳನೆಯದು ಬತ್ತಲೆಯಾಗಿತ್ತು.

ಮೊಗ್ಗು ಮುರಿದ ಗಾಯ ಒಣಗಿ ಕಪ್ಪಾಗಿತ್ತು. ಚೀಲ ಇರಲಿಲ್ಲ. ನೆಲದಲ್ಲಿ ಏಣಿಯ ಮೂರು ಕಾಲಿನ ಗುಳಿ ಹಾಗೇ ಇತ್ತು. ಸುತ್ತಲಿನ ಗೊನೆಗಳೆಲ್ಲ ನೀಲಿ ಹೊದ್ದು ತೂಗುತ್ತಿದ್ದರೆ ಇದೊಂದು ಎಲೆ ಉಜ್ಜಿ, ಬಿಸಿಲಿಗೆ ಕಂದಿ, ಗೀರುಗೀರಾಗಿ, ಯಾರೋ ಮರೆತು ಹೋದ ಮಗುವಿನಂತೆ ನೇತಾಡುತ್ತಿತ್ತು.

"ಮೊಗ್ಗು ಮುರಿದು ಚೀಲ ಹಾಕದೆ ಹೋಗೋನಲ್ಲ ಅವನು," ಎಂದರು ಅಕ್ಕ. "ಮಳೆ ಹುಯ್ದರೂ ಹಾಕಿಯೇ ಇಳಿಯೋನು."

ನುರಿತ ಕೈಗೆ ನಲವತ್ತಾರು ಗೊನೆ ಎಂದರೆ ಎರಡೂವರೆ ಗಂಟೆಯ ಕೆಲಸ. ಅಂದರೆ ಸೋಮವಾರ ಬೆಳಿಗ್ಗೆ ಹತ್ತರ ಸುಮಾರಿಗೆ, ಮೊಗ್ಗು ಮುರಿದದ್ದಕ್ಕೂ ಚೀಲ ಎತ್ತಿಕೊಳ್ಳುವುದಕ್ಕೂ ನಡುವೆ, ಏನೋ ಆಗಿತ್ತು. ಅವನು ಏನನ್ನೋ ನೋಡಿದ್ದ.

ನಾನೂ ಏಣಿಯನ್ನು ಅದೇ ಗುಳಿಗಳಲ್ಲಿ ಊರಿ ಏರಿದೆ. ಕೆಳಗೆ ನಿಂತವರಿಗೆ ಎಲೆ ಬಿಟ್ಟರೆ ಏನೂ ಕಾಣದು. ಆರನೇ ಮೆಟ್ಟಿಲಲ್ಲಿ ನಿಂತವನಿಗೆ ಎಲೆಗಳ ಸಂದಿನಲ್ಲಿ ಒಂದು ಗೋಡೆ, ಗೋಡೆಯಲ್ಲಿ ಎತ್ತರದ ಪುಟ್ಟ ಕಿಟಕಿ. ಕಿಟಕಿಗೆ ಅಡ್ಡಲಾಗಿ ಹಲಗೆ. ಗೋಡೆ ಹಳೆಯದು, ಮೊಳೆಗಳು ಮಾತ್ರ ಹೊಸವು, ಬಿಸಿಲಿಗೆ ಮಿನುಗುತ್ತಿದ್ದವು.

"ಅದೇನು ಅಕ್ಕಾ?"

"ಹಳೇ ಪಂಪ್ ಮನೆ. ಮೋಟರ್ ಕೆಟ್ಟು ಎರಡು ವರ್ಷ ಆಯ್ತು. ಬೀಗದ ಕೈ ಮೇಸ್ತ್ರಿ ಹತ್ರ."

ಆಗಲೇ ಇಳಿದು ಆ ಬಾಗಿಲಿಗೆ ಕಿವಿ ಕೊಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನನ್ನ ಜೇಬಿನಲ್ಲಿ ಕೆಂಪು ರಿಬ್ಬನ್ ಇತ್ತು, ನಾಲಿಗೆಯ ಮೇಲೆ ಭಾಷಣ ಸಿದ್ಧವಾಗಿತ್ತು. ಕಿಟಕಿ ಎಲ್ಲಿಗೂ ಓಡುವುದಿಲ್ಲ ಎಂದುಕೊಂಡೆ.

ಮೇಸ್ತ್ರಿಯ ಕೋಣೆ ಶೆಡ್ಡಿನ ಮೂಲೆಯಲ್ಲಿತ್ತು. ಒಂದು ಮೇಜು, ಒಂದು ಕಬ್ಬಿಣದ ಕಪಾಟು, ಗೋಡೆಯಲ್ಲಿ ವಾರವಾರಕ್ಕೂ ಬಣ್ಣ ಬಳಿದ ಪಟ್ಟಿ. ಅಂದು ಮತ್ತೆ ಸೋಮವಾರ, ಬೆಳಿಗ್ಗೆ ನಮ್ಮೆದುರೇ ಬಿಳಿ ರಿಬ್ಬನ್ನಿನ ಸುರುಳಿ ಬಿಚ್ಚಿ ಮೇಜಿನ ಮೇಲಿಟ್ಟಿದ್ದ. ಕೊರಳಿನ ದಾರದಲ್ಲಿ ಕತ್ತರಿ ತೂಗುತ್ತಿತ್ತು. ಬಾಯಿಗೆ ಹೊಸ ಹಲ್ಲಿನ ಸೆಟ್ಟು. ಮಾತಿನ ನಡುನಡುವೆ ನಾಲಿಗೆಯಿಂದ ಟಕ್ಕೆಂದು ಕೂರಿಸಿಕೊಳ್ಳುತ್ತಿದ್ದ.

"ಬನ್ನಿ ಸಾರ್. ಅಕ್ಕನ ಸಾಮಾನು ಕಟ್ಟೋಕೆ ಸಹಾಯ ಬೇಕಾ? ಶನಿವಾರ ಕೋಣೆ ಖಾಲಿಯಾಗಬೇಕು, ಹೊಸಬ ಬರ್ತಾನೆ."

"ತಮ್ಮ ಯಾವತ್ತು ಹೋದ, ಮೇಸ್ತ್ರಿಗಳೇ?"

"ನೀವು ಕೇಳ್ತಾನೇ ಇರಿ, ನಾನು ಹೇಳ್ತಾನೇ ಇರ್ತೀನಿ. ಶನಿವಾರ."

"ಹೋದ ಸೋಮವಾರ ನೋಡ್ಲಿಲ್ಲ?"

"ಹೋದೋನು ಎಲ್ಲಿಂದ ಕಾಣ್ತಾನೆ?"

"ಹಾಗಾದ್ರೆ ಕೆಂಪು ರಿಬ್ಬನ್ ಯಾರ ಕೈಗೆ ಕೊಟ್ರಿ?"

ಟಕ್. ಹಲ್ಲು ಕೂತಿತು. "ಯಾರಿಗೂ ಇಲ್ಲ. ಆಳಿಲ್ಲ ಅಂತ ನಾನೇ ಹೋಗಿ ಕಟ್ಟಿದೆ."

"ನೀವೇ ಏಣಿ ಹತ್ತಿದ್ರಿ."

"ಮೂವತ್ತು ವರ್ಷದ ಹಿಂದೆ ಈ ತೋಟದಲ್ಲಿ ಮೊದಲನೇ ಚೀಲ ಹಾಕಿದ್ದೇ ನಾನು. ತಮ್ಮನಿಗೆ ಕಲಿಸಿದ್ದೂ ನಾನೇ."

"ಎಷ್ಟು ಗೊನೆ ಕಟ್ಟಿದ್ರಿ?"

"ಲೆಕ್ಕ ಇಟ್ಟಿಲ್ಲ. ಮಂಡಿ ನೋವು ಬಂತು, ಬಿಟ್ಟೆ."

"ನಾನು ಇಟ್ಟಿದೀನಿ. ನಲವತ್ತಾರು. ಒಂದು ಸುರುಳೀಲಿ ಸಾವಿರ ಗೊನೆ ಕಟ್ಟಬಹುದು. ಉಳಿದ ಕೆಂಪು ಎಲ್ಲಿ?"

ಅವನು ಕಪಾಟಿನ ಕಡೆ ನೋಡಿದ. ಅಲ್ಲಿ ಹಳದಿ ಇತ್ತು, ಹಸಿರು ಇತ್ತು, ಕಪ್ಪು ಇತ್ತು. ಕೆಂಪಿನ ಜಾಗದಲ್ಲಿ ಧೂಳಿನ ಉಂಗುರ.

"ಎಲ್ಲೋ ಬಿತ್ತು."

"ಯಾವುದ್ರಲ್ಲಿ ಕತ್ತರಿಸಿದ್ರಿ?"

ಅವನ ಕೈ ತಾನಾಗಿ ಕೊರಳಿನ ಕತ್ತರಿಗೆ ಹೋಯಿತು. ನಾನು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದ ಕ್ಷಣ ಅದು. ಜೇಬಿನಿಂದ ರಿಬ್ಬನ್ ತೆಗೆದು, ರಾಜಮನೆತನದ ಮುದ್ರೆಯುಂಗುರ ಇಡುವಂತೆ ಮೇಜಿನ ಮೇಲಿಟ್ಟೆ.

"ಕತ್ತರಿಯ ಅಂಚು ನೇರ ಇರುತ್ತೆ. ಇದು ಹಲ್ಲಲ್ಲಿ ಕಡಿದಿದ್ದು. ಹಲ್ಲಲ್ಲಿ ಕಡಿಯೋನು ಈ ತೋಟದಲ್ಲಿ ಒಬ್ಬನೇ. ಸೋಮವಾರ ಬೆಳಿಗ್ಗೆ ನಿಮ್ಮ ಕೈಯಿಂದಲೇ ಕೆಂಪು ಸುರುಳಿ ಇಸ್ಕೊಂಡು ಹೋದ. ಅವನನ್ನು ಕೊನೆಗೆ ನೋಡಿದೋರು ನೀವು. ಚೀಟಿ ಸುಳ್ಳು, ಶನಿವಾರ ಸುಳ್ಳು."

ಬಾಗಿಲಲ್ಲಿ ನಿಂತಿದ್ದ ಅಕ್ಕ ಒಂದು ಹೆಜ್ಜೆ ಒಳಗಿಟ್ಟರು. "ಎಲ್ಲಿದ್ದಾನೆ ಅವನು? ಮೇಸ್ತ್ರಿ, ನಿನ್ನ ಮದುವೇಲಿ ಕಳೆದುಹೋದ ನಿನ್ನ ಶೂ ಹುಡುಕಿ ತಂದುಕೊಟ್ಟೋನು ಅವನು. ಹೇಳು."

ಮೇಸ್ತ್ರಿ ಅಕ್ಕನ ಕಡೆ ನೋಡಲಿಲ್ಲ. ರಿಬ್ಬನ್ನಿನ ತುದಿಯನ್ನು ಎತ್ತಿ, ತಿರುಗಿಸಿ, ಬಹಳ ಹೊತ್ತು ನೋಡಿದ. ನಾಲಿಗೆ ಹಲ್ಲಿನ ಹಿಂದೆ ಓಡಾಡುವುದು ಕೆನ್ನೆಯ ಮೇಲೆ ಕಾಣುತ್ತಿತ್ತು.

"ಪೊಲೀಸರಿಗೆ ಹೇಳಿದೀರಾ?"

"ನಾಲ್ಕು ಗಂಟೆಗೆ ಇನ್ಸ್‌ಪೆಕ್ಟರ್ ಬರ್ತಾರೆ. ನನ್ನ ಮಾತು ಅಂದ್ರೆ ಅವರು ಊಟ ಬಿಟ್ಟು ಓಡಿ ಬರೋರು, ಇವತ್ತು ಏನೋ ಮೀಟಿಂಗ್ ಇದೆ."

"ಹಾಗಾದ್ರೆ ನಾಲ್ಕಕ್ಕೆ ಮಾತಾಡೋಣ," ಎಂದ ಮೇಸ್ತ್ರಿ. "ಈಗ ನನಗೆ ಕೆಲಸ ಇದೆ." ಬಿಳಿ ಸುರುಳಿಯನ್ನು ಜೇಬಿಗೆ ಹಾಕಿಕೊಂಡು, ಮಂಡಿ ಹಿಡಿದುಕೊಂಡು ಎದ್ದು ಹೋದ.

ಗೆದ್ದವನು ಏನು ಮಾಡುತ್ತಾನೆ? ಚಹಾ ಕುಡಿಯುತ್ತಾನೆ. ಶೆಡ್ಡಿನ ಬೆಂಚಿನ ಮೇಲೆ ಕೂತು, ಅಕ್ಕ ತಂದುಕೊಟ್ಟ ಚಹಾ ಕುಡಿಯುತ್ತಾ, ನಾನು ಹಿಂದೆ ಬಿಡಿಸಿದ ಮುನ್ನೂರು ಪ್ರಕರಣಗಳಲ್ಲಿ ಆರನ್ನು ವಿವರಿಸಿದೆ. ಇರುವುದೇ ಆರು. ಅಕ್ಕ ಕೇಳುತ್ತಿದ್ದರೋ ಇಲ್ಲವೋ, ಕಪ್ಪು ಕನ್ನಡಕದಿಂದಾಗಿ ತಿಳಿಯಲಿಲ್ಲ. ನನ್ನ ಮಾತನ್ನು ಯಾರಾದರೂ ಒಂದು ಗಂಟೆ ಕೂತು ಕೇಳಿ ಎಷ್ಟು ವರ್ಷವಾಗಿತ್ತೋ. ಅದಕ್ಕೇ ಹೊತ್ತು ಹೋದದ್ದು ಗೊತ್ತಾಗಲಿಲ್ಲ.

ಮೇಸ್ತ್ರಿ ತಾನೇ ಬಂದ. ಮುಖದಲ್ಲಿ ನಗು.

"ಅಕ್ಕಾ, ಬಾ. ನಿನ್ನ ತಮ್ಮ ಎಲ್ಲೂ ಹೋಗಿಲ್ಲ. ನಮ್ಮನ್ನ ಆಟ ಆಡಿಸ್ತಿದ್ದಾನೆ. ಹನ್ನೆರಡನೇ ಸಾಲಲ್ಲಿ ಈಗಷ್ಟೇ ಒಂದು ಗೊನೆಗೆ ಚೀಲ ಹಾಕಿದ್ದಾನೆ. ಬಿಳಿ ರಿಬ್ಬನ್."

ಅಕ್ಕ ಲೋಟ ಇಟ್ಟದ್ದು ನನಗೆ ಕಾಣಲಿಲ್ಲ. ಅಷ್ಟರಲ್ಲಿ ಅವರು ಅರ್ಧ ದಾರಿ ಹೋಗಿದ್ದರು.

ಹನ್ನೆರಡನೇ ಸಾಲು ತೋಟದ ಇನ್ನೊಂದು ತುದಿಯಲ್ಲಿತ್ತು. ಗೊನೆ ಸಿಕ್ಕಿತು. ಮುರಿದ ಮೊಗ್ಗಿನ ಗಾಯದಿಂದ ಹಾಲು ಇನ್ನೂ ತೊಟ್ಟಿಕ್ಕುತ್ತಿತ್ತು. ಚೀಲ ಗರಿಗರಿ, ಮೇಲೆ ಬಿಳಿ ರಿಬ್ಬನ್. ಏಣಿಯೊಂದು ಅಲ್ಲೇ ನಿಂತಿತ್ತು. "ಬಿಳಿ ಸುರುಳಿ ಈ ಕಟ್ಟೆ ಮೇಲಿಟ್ಟು ಪಕ್ಕದ ಸಾಲಿಗೆ ಹೋಗಿದ್ದೆ, ಬರೋಷ್ಟರಲ್ಲಿ ಹೀಗಾಗಿತ್ತು," ಎಂದ ಮೇಸ್ತ್ರಿ. "ಏಣಿ ಬಿಟ್ಟು ಓಡಿದ್ದಾನೆ. ಹತ್ತಿ ನೋಡಿ ಸಾರ್, ನೀವು ಹಲ್ಲಿನ ಪಂಡಿತರಲ್ವಾ."

ಹತ್ತಿದೆ. ಗಂಟು ತಮ್ಮನದೇ ಗಂಟು. ತುದಿ ಜಗಿದಿತ್ತು, ಇನ್ನೂ ಒದ್ದೆಯಾಗಿತ್ತು.

"ಅವನೇ ಅಲ್ವಾ ಸಾರ್?" ಕೆಳಗಿನಿಂದ ಅಕ್ಕ ಕೇಳಿದರು. "ಜಗಿದಿದೆಯಾ?"

"ಜಗಿದಿದೆ."

"ಗಂಟು?"

"ಅವನದೇ."

ಅಕ್ಕ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಸಾಲಿನ ಕಡೆ ತಿರುಗಿ, ಕೂಗೂ ಅಲ್ಲದ ಕರೆಯೂ ಅಲ್ಲದ ದನಿಯಲ್ಲಿ ಅಂದರು: "ನನ್ನ ಮೇಲೆ ಸಿಟ್ಟಿದ್ರೆ ಇರಲಿ ಕಣೋ. ಊಟದ ಹೊತ್ತಿಗೆ ಬಾ."

ನೂರಾರು ನೀಲಿ ಚೀಲಗಳು ಗಾಳಿಗೆ ಸರಸರ ಎಂದವು. ಬೇರೇನೂ ಕೇಳಲಿಲ್ಲ.

ನಾನು ರಿಬ್ಬನ್ನಿನ ತುದಿಯನ್ನು ಬೆಳಕಿಗೆ ಹಿಡಿದೆ. ಒಂದು, ಎರಡು, ಮೂರು, ನಾಲ್ಕು. ಬಾಚಣಿಗೆಯ ಹಲ್ಲಿನಂತೆ ಒಂದೇ ಸಮ. ನಡುವೆ ಖಾಲಿ ಜಾಗವಿಲ್ಲ. ಗಂಟು ಕಲಿಸಿದವನಿಗೆ ಗಂಟು ಬರುತ್ತದೆ. ಹಲ್ಲಲ್ಲಿ ಕಡಿಯುವುದನ್ನು ಒಂದು ಗಂಟೆಯ ಹಿಂದೆ ನಾನೇ ಮೇಜಿನ ಮೇಲಿಟ್ಟು ಪಾಠ ಹೇಳಿಕೊಟ್ಟಿದ್ದೆ. ಹೇಳದೆ ಉಳಿಸಿಕೊಂಡದ್ದು ಇಲ್ಲದ ಆ ಒಂದು ಹಲ್ಲು ಮಾತ್ರ.

"ಇನ್ಸ್‌ಪೆಕ್ಟರಿಗೆ ಬರಬೇಡಿ ಅಂದ್ಬಿಡಿ ಸಾರ್," ಎಂದರು ಅಕ್ಕ. ಅವರು ಗೊನೆಯ ಕೆಳಗೆ ನೆಲದ ಮೇಲೆ ಕೂತಾಗಿತ್ತು. "ಪೊಲೀಸರು ಬಂದ್ರೆ ಹೆದರಿ ಇನ್ನೂ ದೂರ ಹೋಗ್ತಾನೆ. ನಾನು ಇಲ್ಲೇ ಕಾಯ್ತೀನಿ."

"ಅದೇ ಸರಿ," ಎಂದ ಮೇಸ್ತ್ರಿ. ಅವನು ಅಕ್ಕನನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. "ಏನಂತೀರಿ ಸಾರ್? ತಮ್ಮನೇ ತಾನೇ?"

ಅಲ್ಲ ಎಂದರೆ ನನಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಗುತ್ತದೆ. ಆಮೇಲೆ ತಮ್ಮ ಎಲ್ಲಿದ್ದರೂ ನಾಲ್ಕು ಗಂಟೆಯವರೆಗೆ ಜೀವಂತ ಉಳಿಯುವುದಿಲ್ಲ. ಹೌದು ಎಂದರೆ, ಎರಡು ತಟ್ಟೆ ಹಾಕಿಕೊಂಡು ಕೂತಿರುವ ಹೆಂಗಸಿಗೆ ನಾನೇ ಎರಡನೇ ತಟ್ಟೆಗೆ ಬಡಿಸಿದಂತೆ. ಜೀವಮಾನದಲ್ಲಿ ಹತ್ತು ಲಕ್ಷ ಸುಳ್ಳು ಹೇಳಿದ್ದೇನೆ, ಎಲ್ಲವೂ ನನ್ನ ಬಗ್ಗೆ. ಅವು ಯಾರ ಗಂಟಲಲ್ಲೂ ಸಿಕ್ಕಿಕೊಂಡಿರಲಿಲ್ಲ.

"ಹೌದು ಅಕ್ಕಾ," ಎಂದೆ. "ತಮ್ಮನೇ."

ಅಕ್ಕ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಒರೆಸಬಾರದು ಎಂದು ಡಾಕ್ಟರು ಹೇಳಿದ್ದರು.

ಅವರ ಮುಖ ನೋಡಲಾಗದೆ ನಾನು ಏಣಿಯ ಮೇಲಿಂದಲೇ ದೂರಕ್ಕೆ ಕಣ್ಣು ಹಾಯಿಸಿದೆ. ನನ್ನದು ಹದ್ದಿನ ಕಣ್ಣು ಎಂದು ಊರೂರಿಗೂ ಹೇಳಿಕೊಂಡು ಬಂದಿದ್ದೇನೆ. ಆ ಮಧ್ಯಾಹ್ನ ಮೊದಲ ಸಲ ಅದು ನಿಜವಾಯಿತು. ಎಲೆಗಳ ಆಚೆ, ತೋಟದ ಆ ತುದಿಯಲ್ಲಿ, ಪಂಪ್ ಮನೆಯ ಕಿಟಕಿ ಕಾಣುತ್ತಿತ್ತು. ಬೆಳಿಗ್ಗೆ ಅಡ್ಡಲಾಗಿದ್ದ ಹಲಗೆ ಒಂದು ಮೊಳೆಯಿಂದ ವಾಲಿ ಜೋತುಬಿದ್ದಿತ್ತು, ಒಳಗಿನಿಂದ ಯಾರೋ ದೂಡಿದ ಹಾಗೆ. ಸರಳಿಗೆ ಏನೋ ಕಟ್ಟಿತ್ತು. ಮಾರುದ್ದದ ರಿಬ್ಬನ್, ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತಿತ್ತು.

ಕೆಂಪು.

ನೋಡಿದ್ದು ಒಂದು ಕ್ಷಣ ಹೆಚ್ಚಾಯಿತೇನೋ. ಕೆಳಗೆ ಟಕ್ಕೆಂದು ಸದ್ದು ಕೇಳಿಸಿತು. ಹಲ್ಲು ಕೂತ ಸದ್ದು. ಬಗ್ಗಿ ನೋಡಿದೆ. ಮೇಸ್ತ್ರಿ ನಾನು ನೋಡುತ್ತಿದ್ದ ದಿಕ್ಕಿಗೇ ಮುಖ ಮಾಡಿ ನಿಂತಿದ್ದ. ಅಲ್ಲಿಂದ ಅವನಿಗೆ ಎಲೆ ಬಿಟ್ಟು ಏನೂ ಕಾಣುತ್ತಿರಲಿಲ್ಲ. ಆದರೆ ಆ ದಿಕ್ಕಿನಲ್ಲಿ ಏನಿದೆ ಎಂದು ನೋಡಿ ತಿಳಿಯಬೇಕಾದವನು ಅವನಲ್ಲ.

ಅವನು ಕೊರಳಿನ ಕತ್ತರಿಯನ್ನು ಅಂಗಿಯೊಳಗೆ ಹಾಕಿಕೊಂಡು, ಏಣಿಯ ಮೂರು ಕಾಲುಗಳಲ್ಲಿ ಒಂದನ್ನು ಎರಡೂ ಕೈಯಿಂದ ಹಿಡಿದ.

"ಆತುರ ಬೇಡ ಸಾರ್, ನಿಧಾನಕ್ಕೆ ಇಳೀರಿ," ಎಂದ. "ನಾನು ಹಿಡ್ಕೊಂಡಿದೀನಿ."